55 ದಾಟಿದರೆ ಅದುರುವ ಪಿಕಪ್, ಅದೂ ಕೆಲವು ದಿನ ಮಾತ್ರ

ಮಂಡಗದ್ದೆ ತೋಟ | ಜುಲೈ 6, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಒಂದೂವರೆ ಟನ್ ಹೊರುವ ಡೀಸೆಲ್ ಪಿಕಪ್ ಇದೆ. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು, ಈಗ 1,38,000 ಕಿ.ಮೀ. ಓಡಿದೆ. ಎಳೆತ ಹಿಂದಿನ ಚಕ್ರಗಳಿಗೆ ಮಾತ್ರ. ಮಂಡಗದ್ದೆಯ ಒಳಗಿನ ನಮ್ಮ ತೋಟದಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಮೂಟೆ ಒಯ್ಯುವುದು, ಬರುವಾಗ ಹಿಂಡಿಯನ್ನೋ, ಈ ತಿಂಗಳಾದರೆ ಅಡಿಕೆಯ ಕೊಳೆ ರೋಗದ ಔಷಧಿಗೆ ಬೇಕಾದ ಮೈಲುತುತ್ತ ಮತ್ತು ಸುಣ್ಣವನ್ನೋ ತರುವುದು, ಹೆಚ್ಚಿನ ದಿನ ಖಾಲಿಯೇ ಬರುವುದು, ಇದಿಷ್ಟು ಅದರ ಕೆಲಸ.

ಆರಿದ್ರಾ ಮಳೆ ಹಿಡಿದಾಗಿನಿಂದ ಗಾಡಿಗೆ ಒಂದು ನಡುಕ ಶುರುವಾಗಿದೆ. ವೇಗ 55 ದಾಟಿದ ಮೇಲೆ ಆರಂಭವಾಗಿ 65ರ ಹೊತ್ತಿಗೆ ಜೋರಾಗುತ್ತದೆ. 70 ದಾಟಿಸಿ ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ. ಡ್ಯಾಶ್‌ಬೋರ್ಡಿನ ಮೇಲಿಟ್ಟ ಎಲೆ ಅಡಿಕೆ ಡಬ್ಬಿ ತಾನಾಗಿಯೇ ಜಾರುತ್ತಾ ಬಾಗಿಲ ಕಡೆಗೆ ಹೋಗುವಷ್ಟು ಅದುರುತ್ತದೆ. ತಲೆ ಕೆಡಿಸಿರುವುದೇನೆಂದರೆ ಇದು ದಿನಾ ಬರುವುದಿಲ್ಲ. ಎರಡು ದಿನ ಇರುತ್ತದೆ, ಮೂರನೆಯ ದಿನ ಇರುವುದಿಲ್ಲ. ಗ್ಯಾರೇಜಿನ ಬಾಗಿಲಿಗೆ ಹೋದ ದಿನವಂತೂ, ಡಾಕ್ಟರ ಮುಂದೆ ಕೂರಿಸಿದ ಮಗುವಿನ ಜ್ವರದ ಹಾಗೆ, ಇಳಿದೇ ಇರುತ್ತದೆ.

ಇಷ್ಟರಲ್ಲಿ ಅಲೈನ್‌ಮೆಂಟ್ ಒಮ್ಮೆ, ವ್ಹೀಲ್ ಬ್ಯಾಲೆನ್ಸಿಂಗ್ (ರಿಮ್ಮಿಗೆ ಸಣ್ಣ ತೂಕ ಬಡಿದು ಚಕ್ರದ ಭಾರವನ್ನು ಸುತ್ತಲೂ ಸಮ ಮಾಡುವುದು) ಎರಡು ಕಡೆ ಎರಡು ಬಾರಿ ಮಾಡಿಸಿದ್ದೇನೆ. ಮುಂದಿನ ಎರಡು ಟೈರುಗಳನ್ನು ಹೊಸದಾಗಿ ಹಾಕಿಸಿದ್ದೇನೆ. ಪ್ರತಿ ರಿಪೇರಿಯಾದ ಮೇಲೂ ಮೂರು ನಾಲ್ಕು ದಿನ ಗಾಡಿ ಚೆನ್ನಾಗಿಯೇ ಓಡಿ, ಮತ್ತೆ ಅದೇ ರಾಗ ಹಾಡುತ್ತದೆ. ಅನುಭವಸ್ಥರು ದಾರಿ ತೋರಿಸಬೇಕು.

ಹೊಸನಗರ ಶುಂಠಿ | ಜುಲೈ 6, ರಾತ್ರಿ 9:48

ಎಂಜಿನ್ನನ್ನು ಚಾಸಿಯ ಮೇಲೆ ಕೂರಿಸುವ ಮೌಂಟಿಂಗ್ ರಬ್ಬರ್ ಹೋಗಿರುತ್ತದೆ. ನಮ್ಮ ಗಾಡಿಯಲ್ಲೂ ಹೀಗೆಯೇ ಆಗಿತ್ತು, ಬದಲಿಸಿದ ಮೇಲೆ ಸರಿಯಾಯಿತು.

ಹಳೇ ಗ್ಯಾರೇಜು | ಜುಲೈ 6, ರಾತ್ರಿ 10:15

ಮೊದಲು ಒಂದು ಕೆಲಸ ಮಾಡಿ, ನಾಳೆ ಬೆಳಿಗ್ಗೆ ಗಾಡಿ ಹೊರಡಿಸುವ ಮುಂಚೆಯೇ ಮಾಡಿ. ನಾಲ್ಕೂ ಚಕ್ರಗಳ ನಟ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿ. ಒಂದು ತಿಂಗಳೊಳಗೆ ಇಷ್ಟು ಸಲ ಚಕ್ರ ಬಿಚ್ಚಿ ಹಾಕಿದ್ದಾರೆ ಎಂದಮೇಲೆ ಆ ಅನುಮಾನವನ್ನು ಮೊದಲು ತೀರಿಸಿಕೊಳ್ಳಬೇಕು. ಉಳಿದ ಯಾವ ಕಾರಣವಾದರೂ ಖರ್ಚಿಗೆ ದಾರಿ ಮಾಡುತ್ತದೆ, ಇದೊಂದು ಮಾತ್ರ ಚಕ್ರವನ್ನೇ ಕಳಚಿ ತುಂಗಾ ನದಿಯ ಕಡೆಗೆ ಕಳಿಸುತ್ತದೆ.

ಆಮೇಲೆ ನನಗೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು. ನಡುಕ ಸ್ಟೇರಿಂಗಿನಲ್ಲಿ ಕೈಗೆ ತಿಳಿಯುತ್ತದೆಯೋ, ಸೀಟು ಮತ್ತು ಕಾಲಡಿಯ ತಗಡಿನಲ್ಲಿ ತಿಳಿಯುತ್ತದೆಯೋ? ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಕಡಿಮೆಯಾಗುತ್ತದೆಯೋ, ವೇಗ ಇಳಿಯುವವರೆಗೂ ಇರುತ್ತದೆಯೋ? ಲೋಡ್ ಇದ್ದಾಗಲೋ, ಖಾಲಿ ಇದ್ದಾಗಲೋ? ಬ್ರೇಕ್ ಒತ್ತಿದಾಗ ಹೆಚ್ಚಾಗುತ್ತದೆಯೋ? ಬ್ರೇಕ್ ಹಿಡಿದಾಗ ಮಾತ್ರ ಅದುರುವುದಾದರೆ ಡಿಸ್ಕೋ ಡ್ರಮ್ಮೋ ಸೊಟ್ಟಗಾಗಿರುತ್ತದೆ, ಆ ದಾರಿಯೇ ಬೇರೆ.

ಶುಂಠಿಯವರೇ, ಬೇಸರ ಬೇಡ. ಮೌಂಟಿಂಗ್ ರಬ್ಬರ್ ಹರಿದಿದ್ದರೆ ಗಾಡಿ ನಿಂತಿದ್ದಾಗ, ಐಡಲಿನಲ್ಲಿ, ಗೇರ್ ಲಿವರ್ ಕುಣಿಯಲೇಬೇಕು. ಇವರು ಅದನ್ನು ಹೇಳಿಲ್ಲ.

ಮಂಡಗದ್ದೆ ತೋಟ | ಜುಲೈ 7, ಮಧ್ಯಾಹ್ನ 1:05

ನಟ್ಟುಗಳನ್ನು ನೋಡಿದೆ ಅಣ್ಣ. ಎಡಗಡೆಯ ಹಿಂದಿನ ಚಕ್ರದಲ್ಲಿ ಒಂದು ನಟ್ಟು ಅರ್ಧ ಸುತ್ತು ತಿರುಗಿತು, ಉಳಿದವೆಲ್ಲ ಬಿಗಿಯಾಗಿದ್ದವು. ನೀವು ಹೇಳಿದ್ದಕ್ಕೆ ಉಪಕಾರವಾಯಿತು. ಆದರೆ ಇವತ್ತು ಮಂಡಿಗೆ ಹೋಗುವಾಗಲೂ ನಡುಕ ಬಂತು, ಆದ್ದರಿಂದ ಮೂಲ ಅದಲ್ಲ.

ಐಡಲಿನಲ್ಲಿ ಗೇರ್ ಲಿವರ್ ಎಲ್ಲ ಡೀಸೆಲ್ ಗಾಡಿಗಳಷ್ಟೇ ಅಲ್ಲಾಡುತ್ತದೆ. ಬ್ರೇಕಿಗೂ ನಡುಕಕ್ಕೂ ಸಂಬಂಧ ಕಾಣಲಿಲ್ಲ. ಉಳಿದ ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನ್ನ ಉತ್ತರವೇ ದಿನಕ್ಕೊಂದು. ಇವತ್ತು ಸೀಟಿನಲ್ಲಿತ್ತು. ಮೊನ್ನೆ ಖಾಲಿ ಬರುವಾಗ ಸ್ಟೇರಿಂಗ್ ಕೈಯಲ್ಲಿ ನಿಲ್ಲಲಿಲ್ಲ. ಲೋಡ್ ಇದ್ದಾಗ ಬರುತ್ತದೆ ಎಂದುಕೊಂಡರೆ ಖಾಲಿ ಇದ್ದಾಗಲೂ ಬಂದಿದೆ.

ಪಾಲಿಟೆಕ್ನಿಕ್ ಮೇಷ್ಟ್ರು | ಜುಲೈ 7, ಸಂಜೆ 6:30

ನಿವೃತ್ತನಾದ ಮೇಲೆ ಲೆಕ್ಕ ಮಾಡುವ ಚಟ ಹೋಗಿಲ್ಲ, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ. ಈ ವರ್ಗದ ಪಿಕಪ್‌ಗಳಲ್ಲಿ ಸಾಮಾನ್ಯವಾಗಿರುವ 215/75 ಆರ್ 15 ಅಳತೆಯ ಟೈರ್ ನಿಮ್ಮಲ್ಲೂ ಇದೆ ಎಂದು ಹಿಡಿಯೋಣ. ಅದರ ವ್ಯಾಸ ಸುಮಾರು 70 ಸೆಂ.ಮೀ., ಸುತ್ತಳತೆ 2.2 ಮೀಟರ್. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್, ಅಂದರೆ ಚಕ್ರವು ಸೆಕೆಂಡಿಗೆ ಏಳೂವರೆ ಸುತ್ತು ಸುತ್ತುತ್ತದೆ. ಗೇರ್ ಬಾಕ್ಸಿನಿಂದ ಹಿಂದಕ್ಕೆ ಹೋಗುವ ಉದ್ದ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಹೌಸಿಂಗಿನಲ್ಲಿರುವ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳ ಮೂಲಕ ಚಕ್ರಗಳನ್ನು ತಿರುಗಿಸುತ್ತದೆ. ಅವುಗಳ ಅನುಪಾತ 4ರ ಆಸುಪಾಸು ಇದ್ದರೆ ಶಾಫ್ಟ್ ಅದೇ ಹೊತ್ತಿನಲ್ಲಿ ಸೆಕೆಂಡಿಗೆ 30 ಸುತ್ತು, ನಿಮಿಷಕ್ಕೆ ಸುಮಾರು 1800 ಸುತ್ತು ತಿರುಗುತ್ತಿರುತ್ತದೆ.

ಈ ಎರಡು ನಡುಕಗಳನ್ನು ಮೈಯೇ ಬೇರೆ ಬೇರೆಯಾಗಿ ಗುರುತಿಸುತ್ತದೆ. ಸೆಕೆಂಡಿಗೆ ಏಳೂವರೆ ಬಾರಿಯದು ಜರಡಿ ಹಿಡಿದು ಅಲ್ಲಾಡಿಸಿದಂತೆ ಇರುತ್ತದೆ, ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಹೊಯ್ದಾಡುವುದು ಕಣ್ಣಿಗೆ ಕಾಣುತ್ತದೆ. ಸೆಕೆಂಡಿಗೆ ಮೂವತ್ತು ಮತ್ತು ಅದಕ್ಕಿಂತ ಹೆಚ್ಚಿನದು ಹಿಟ್ಟಿನ ಗಿರಣಿಯ ನೆಲದ ಮೇಲೆ ಬರಿಗಾಲಲ್ಲಿ ನಿಂತಂತೆ ಇರುತ್ತದೆ, ಅಂಗಾಲಿಗೆ ಜುಮ್ಮೆನ್ನುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿಯ ಬಿಂಬ ಮಸುಕಾಗುತ್ತದೆ.

ಒಂದು ತೊಡಕಿದೆ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯ ಗೇರು ನೇರ ಗೇರು, ಎಂಜಿನ್ ಎಷ್ಟು ಸುತ್ತುತ್ತದೆಯೋ ಶಾಫ್ಟೂ ಅಷ್ಟೇ ಸುತ್ತುತ್ತದೆ. ಆದ್ದರಿಂದ ನಾಲ್ಕನೆಯ ಗೇರಿನಲ್ಲಿ ಬರುವ ನಡುಕ ಎಂಜಿನ್ನಿನದೋ ಶಾಫ್ಟಿನದೋ ಎಂದು ಯಾರೂ ಹೇಳಲಾರರು. ಅದೇ 60ರ ವೇಗವನ್ನು ಹಿಡಿದುಕೊಂಡು ಐದನೆಯ ಗೇರಿಗೆ ಹಾಕಿ ನೋಡಿ. ಎಂಜಿನ್ನಿನ ಸುತ್ತು 1450ರ ಸುಮಾರಿಗೆ ಇಳಿಯುತ್ತದೆ, ಶಾಫ್ಟಿನದು 1800ರಲ್ಲೇ ಉಳಿಯುತ್ತದೆ. ನಡುಕ ಬದಲಾಗದಿದ್ದರೆ ಎಂಜಿನ್, ಕ್ಲಚ್, ಮೌಂಟಿಂಗ್ ಇವುಗಳನ್ನು ನೆಮ್ಮದಿಯಿಂದ ಬದಿಗಿಡಬಹುದು.

ಸಾಗರದ ಹಾಲಿನ ವ್ಯಾನ್ | ಜುಲೈ 7, ರಾತ್ರಿ 8:02

ಮೇಷ್ಟ್ರು ಹೇಳಿದ್ದು ಸರಿ, ಆದರೆ ಇನ್ನೂ ಸುಲಭದ ಉಪಾಯವಿದೆ. ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿ ಎಂಜಿನ್ ಐಡಲಿಗೆ ಬಿಡಿ. ಆಗಲೂ ಅದುರಿದರೆ ಚಕ್ರ, ಅದುರದಿದ್ದರೆ ಎಂಜಿನ್.

ಹಳೇ ಗ್ಯಾರೇಜು | ಜುಲೈ 7, ರಾತ್ರಿ 8:20

ಹಾಲಿನ ವ್ಯಾನಿನವರ ಉಪಾಯದ ಅರ್ಧ ಭಾಗ ಸರಿಯಾಗಿದೆ, ಇನ್ನರ್ಧ ಅಪಾಯಕಾರಿಯಾಗಿದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಾಗಲಿ, ಹುಲಿಕಲ್ ಘಾಟಿಯಲ್ಲಾಗಲಿ, ಮಳೆಗಾಲದಲ್ಲಿ, ಲೋಡ್ ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ಇಳಿಸಬೇಡಿ. ಎಂಜಿನ್ನಿನ ಹಿಡಿತ ತಪ್ಪಿದ ಮೇಲೆ ಬ್ರೇಕೊಂದೇ ಉಳಿಯುತ್ತದೆ, ನಾಲ್ಕು ತಿರುವು ಇಳಿಯುವಷ್ಟರಲ್ಲಿ ಡ್ರಮ್ಮು ಕಾದು ಅದೂ ಕೈಕೊಡುತ್ತದೆ. ಈ ಪರೀಕ್ಷೆಯನ್ನು ಭದ್ರಾವತಿ ಕಡೆಯ ಅಗಲವಾದ ಸಮತಟ್ಟು ರಸ್ತೆಯಲ್ಲಿ, ಹಿಂದೆ ಮುಂದೆ ಗಾಡಿ ಇಲ್ಲದಿರುವಾಗ, ನಾಲ್ಕೈದು ಸೆಕೆಂಡು ಮಾಡಿದರೆ ಸಾಕು.

ಇನ್ನೊಂದು ಮಾತು. ನ್ಯೂಟ್ರಲ್ಲಿನಲ್ಲಿಯೂ ಪ್ರೊಪೆಲ್ಲರ್ ಶಾಫ್ಟ್ ಸುತ್ತುತ್ತಲೇ ಇರುತ್ತದೆ, ಹಿಂದಿನ ಚಕ್ರಗಳೇ ಅದನ್ನು ತಿರುಗಿಸುತ್ತವೆ. ಆದ್ದರಿಂದ "ಅದುರಿದರೆ ಚಕ್ರ" ಎಂದು ತೀರ್ಮಾನಿಸುವಂತಿಲ್ಲ. ಶಾಫ್ಟ್ ಬಾಗಿದ್ದರೆ ಆಗಲೂ ಅದುರುತ್ತದೆ. ಎಳೆತ ಬಿದ್ದಾಗ ಮಾತ್ರ ಅದುರಿ, ಎಳೆತ ಬಿಟ್ಟಾಗ ನಿಂತರೆ, ಆಗ ಶಾಫ್ಟಿನ ಜಾಯಿಂಟು, ಬೇರಿಂಗು, ಕೋನ ಇವುಗಳ ಕಡೆ ನೋಡಬೇಕು.

ತುಮರಿ ಹೊಳೆಯಾಚೆ | ಜುಲೈ 7, ರಾತ್ರಿ 9:11

ಸಮತಟ್ಟು ರಸ್ತೆ ಎಂದಾಗ ನೆನಪಾಯಿತು. ನಮ್ಮ ಕಡೆ 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಗಾಡಿಯನ್ನು ಲಾಂಚಿನ ಮೇಲೆ ಹತ್ತಿಸಿಯೇ ಶರಾವತಿಯ ಹಿನ್ನೀರು ದಾಟಬೇಕಾಗಿತ್ತು, ಲಾಂಚಿನ ಎಂಜಿನ್ ಅದುರುವ ರಭಸದಲ್ಲಿ ನಮ್ಮ ಗಾಡಿ ಅದುರುವುದು ತಿಳಿಯುತ್ತಲೇ ಇರಲಿಲ್ಲ. ಸೇತುವೆಯ ಮೇಲೆ ಎರಡು ಕಿಲೋಮೀಟರಿಗೂ ಹೆಚ್ಚು ದೂರ ಗುಂಡಿಯಿಲ್ಲದೆ ಓಡಿಸಿದ ಮೊದಲ ದಿನವೇ ನನ್ನ ಪಿಕಪ್ಪಿನ ಹಿಂದಿನ ಟೈರಿನ ಒಳಗಿನ ತಂತಿಯ ಪದರ (ಬೆಲ್ಟ್) ಬಿಟ್ಟುಕೊಂಡಿರುವುದು ಗೊತ್ತಾಯಿತು.

ಕೈಯಲ್ಲಿ ಒಳ್ಳೆಯ ಮೊಬೈಲ್ ಇದ್ದರೆ ಕಂಪನ ಅಳೆಯುವ ಆ್ಯಪ್‌ಗಳಿವೆ. ಸೀಟಿನ ಹಳಿಗೆ ಮೊಬೈಲನ್ನು ಬಿಗಿಯಾಗಿ ಕಟ್ಟಿ, ಪಕ್ಕದಲ್ಲಿ ಕೂತವರು ನೋಡಿದರೆ, ಮೇಷ್ಟ್ರು ಹೇಳಿದ ಏಳೂವರೆಯೋ ಮೂವತ್ತೋ ಎಂಬುದು ಪರದೆಯ ಮೇಲೆಯೇ ಕಾಣುತ್ತದೆ.

ಹಳೇ ಗ್ಯಾರೇಜು | ಜುಲೈ 8, ಬೆಳಿಗ್ಗೆ 7:40

ಆ್ಯಪ್ ಇರಲಿ ಬಿಡಲಿ, ತೋಟದವರೇ, ಒಂದು ನೋಟ್‌ಬುಕ್ ಇಡಿ. ಒಂದು ವಾರ ಯಾವ ರಿಪೇರಿಯನ್ನೂ ಮಾಡಿಸಬೇಡಿ. ಪ್ರತಿ ಓಡಾಟಕ್ಕೂ ಲೋಡು ಎಷ್ಟು, ಮಳೆಯೋ ಬಿಸಿಲೋ, ಗಾಡಿ ಎಲ್ಲಿ ನಿಂತಿತ್ತು, ತೋಟದೊಳಗೆ ಇಳಿಸಿದ್ದಿರೋ ಇಲ್ಲವೋ, ನಡುಕ ಕೈಗೋ ಸೀಟಿಗೋ, ಕಾಲು ಎತ್ತಿದಾಗ ಏನಾಯಿತು ಎಂದು ಬರೆಯಿರಿ. ನಡುಕ ಬಾರದ ದಿನದ್ದನ್ನೂ ತಪ್ಪದೆ ಬರೆಯಿರಿ. ಬಂದುಹೋಗುವ ಕಾಯಿಲೆಯಲ್ಲಿ ಬಾರದ ದಿನವೇ ಹೆಚ್ಚು ಹೇಳುತ್ತದೆ.

ಮಂಡಗದ್ದೆ ತೋಟ | ಜುಲೈ 15, ರಾತ್ರಿ 9:35

ವಾರದ ಲೆಕ್ಕ ಒಪ್ಪಿಸುತ್ತಿದ್ದೇನೆ. ಆ್ಯಪ್ ನನ್ನ ಮೊಬೈಲಿನಲ್ಲಿ ಹಿಡಿಸಲಿಲ್ಲ, ಆದರೆ ನೋಟ್‌ಬುಕ್ ಬರೆದಿದ್ದೇನೆ. ಟೈರಿನ ಅಳತೆ ಮೇಷ್ಟ್ರು ಊಹಿಸಿದ್ದೇ.

ಎಂಟನೆಯ ತಾರೀಕು ತೋಟದೊಳಗೆ ಇಳಿದು ಸುಮಾರು 1,200 ಕಿಲೋ ಅಡಿಕೆ ತುಂಬಿಕೊಂಡು ಹೊರಟೆ. ಗಾಜನೂರಿಗೆ ಬರುವವರೆಗೆ ತಿರುವುಗಳಲ್ಲಿ 50 ದಾಟಲಿಲ್ಲ. ಅಲ್ಲಿಂದ ಮುಂದೆ ಸಣ್ಣ ಏರಿನಲ್ಲಿ 58ಕ್ಕೆ ಸೀಟಿನ ಕೆಳಗೆ ಗಿರಣಿಯ ಹಾಗೆ ಶುರುವಾಯಿತು. ಐದನೆಯ ಗೇರಿಗೆ ಹಾಕಿದೆ, ಹಾಗೆಯೇ ಇತ್ತು. ಕಾಲು ಎತ್ತಿದೆ, ಸ್ವಿಚ್ ಆರಿಸಿದಂತೆ ನಿಂತಿತು. ಅದೇ ದಿನ ಮಂಡಿಯಲ್ಲಿ ಮಧ್ಯಾಹ್ನ ಗಾಡಿ ಮೂರು ಗಂಟೆ ಕಾಲ ಬಿಸಿಲಿನಲ್ಲಿ ನಿಂತಿತ್ತು. ಖಾಲಿ ಗಾಡಿ ತೆಗೆದುಕೊಂಡು ಮರಳುವಾಗ ಸಕ್ರೆಬೈಲಿಗೆ ಬರುವ ಮೊದಲೇ ಸ್ಟೇರಿಂಗ್ ಎಡಬಲಕ್ಕೆ ಹೊಯ್ದಾಡತೊಡಗಿತು. ಕಾಲು ಎತ್ತಿದೆ, ನಿಲ್ಲಲಿಲ್ಲ. ನ್ಯೂಟ್ರಲ್ ಮಾಡಿದೆ, ಆಗಲೂ ನಿಲ್ಲಲಿಲ್ಲ. 45ಕ್ಕೆ ಇಳಿದ ಮೇಲೆ ನಿಂತಿತು.

ಒಂಬತ್ತರಂದು ಮನೆಯಲ್ಲಿ ಪಂಪ್ ಹಾಕಿ ಗಾಡಿ ತೊಳೆದೆವು. ಹತ್ತರಂದು ಡಾಂಬರು ರಸ್ತೆಯ ಪಕ್ಕದ ಗೋದಾಮಿನಿಂದಲೇ ಲೋಡ್ ಮಾಡಿದ್ದರಿಂದ ತೋಟಕ್ಕೆ ಇಳಿಯಲಿಲ್ಲ. ಹೋಗುವಾಗ ಸೀಟಿನ ನಡುಕ ಬಂತು, ಬರುವಾಗ ಖಾಲಿ ಗಾಡಿ ಬೆಣ್ಣೆಯ ಹಾಗೆ ಓಡಿತು. ಹನ್ನೆರಡರಂದು ಕೇವಲ ಆರು ಮೂಟೆ, ಹೋಗುವಾಗ ಏನೂ ಇಲ್ಲ. ಬರುವಾಗ ಸುಣ್ಣದ ಚೀಲ ಹೇರಿಕೊಂಡು ಬಂದು ನೇರ ತೋಟಕ್ಕೇ ಇಳಿಸಿದೆ. ಹದಿಮೂರು ಬೆಳಿಗ್ಗೆ ಖಾಲಿ ಗಾಡಿಯಲ್ಲಿ ತೀರ್ಥಹಳ್ಳಿಗೆ ಹೊರಟಾಗ ಸ್ಟೇರಿಂಗ್ ಮತ್ತೆ ಹೊಯ್ದಾಡಿತು. ವಿಚಿತ್ರವೆಂದರೆ, ಊರು ಹತ್ತಿರವಾಗುವಾಗ ಒಂದು ದೊಡ್ಡ ಹಂಪ್ ಹಾರಿದ ಮೇಲೆ ಅರ್ಧಕ್ಕರ್ಧ ಕಡಿಮೆಯಾಯಿತು. ಇದನ್ನು ಓದಿದವರು ನನಗೆ ಹುಚ್ಚು ಎನ್ನಬಾರದು.

ಕೊಪ್ಪ ನರ್ಸರಿ | ಜುಲೈ 15, ರಾತ್ರಿ 10:10

ಅಣ್ಣ, ನಿಮಗೆ ಹುಚ್ಚಲ್ಲ, ನಿಮ್ಮ ಗಾಡಿಗೆ ಎರಡು ಕಾಯಿಲೆಗಳಿವೆ. ನೀವು ಎರಡಕ್ಕೂ ನಡುಕ ಎಂಬ ಒಂದೇ ಹೆಸರಿಟ್ಟು, ಒಂದರ ಲಕ್ಷಣವನ್ನು ಇನ್ನೊಂದರ ಮೇಲೆ ಹೇರಿ ನೋಡುತ್ತಿದ್ದೀರಿ. ಲೋಡ್ ಇದ್ದು, ಕಾಲು ಒತ್ತಿದಾಗ, ಸೀಟಿನಲ್ಲಿ ಬರುವುದು ಒಂದು. ತೋಟಕ್ಕೆ ಇಳಿದ ಮೇಲೆ, ಕಾಲು ಎತ್ತಿದರೂ ಬಿಡದೆ, ಸ್ಟೇರಿಂಗಿನಲ್ಲಿ ಬರುವುದು ಮತ್ತೊಂದು. ನಿಮ್ಮ ಬರಹವನ್ನು ಎರಡು ಸಲ ಓದಿದೆ, ಇವೆರಡೂ ಒಟ್ಟಿಗೆ ಬಂದದ್ದು ಎಂಟನೆಯ ತಾರೀಕು ಮಾತ್ರ, ಅದೂ ಬೇರೆ ಬೇರೆ ಹೊತ್ತಿನಲ್ಲಿ.

ಎರಡನೆಯದರ ಬಗ್ಗೆ ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಹೋದ ಮಳೆಗಾಲದಲ್ಲಿ ಗಿಡ ಹೇರುವ ನಮ್ಮ ಪಿಕಪ್ಪಿಗೂ ಅದೇ ಆಗಿತ್ತು. ಚಕ್ರದ ಹೊರಮುಖವನ್ನು ನೋಡಬೇಡಿ, ಅಲ್ಲಿ ಸ್ವಚ್ಛವಾಗಿಯೇ ಇರುತ್ತದೆ. ಟಾರ್ಚ್ ಹಿಡಿದು ಗಾಡಿಯ ಅಡಿಗೆ ಬಗ್ಗಿ, ರಿಮ್ಮಿನ ಒಳಮೈಯನ್ನು, ಬ್ರೇಕಿನ ಕಡೆಯ ತೊಟ್ಟಿಯಂಥ ಭಾಗವನ್ನು ನೋಡಿ. ನಮ್ಮ ಕೆಮ್ಮಣ್ಣು ಒದ್ದೆಯಿದ್ದಾಗ ಅಲ್ಲಿ ಸೇರಿಕೊಂಡು, ಗಾಡಿ ನಿಂತಾಗ ಕೆಳಕ್ಕೆ ಇಳಿದು ಒಂದೇ ಕಡೆ ಗುಡ್ಡೆಯಾಗುತ್ತದೆ. ಮಂಡಿಯ ಬಿಸಿಲಿನಲ್ಲಿ ಮೂರು ಗಂಟೆ ನಿಂತರೆ ಇಟ್ಟಿಗೆಯಾಗುತ್ತದೆ. ಹಂಪ್ ಹಾರಿದಾಗ ಒಂದು ತುಂಡು ಉದುರಿರುತ್ತದೆ, ಅದಕ್ಕೇ ಕಡಿಮೆಯಾದದ್ದು.

ಪಾಲಿಟೆಕ್ನಿಕ್ ಮೇಷ್ಟ್ರು | ಜುಲೈ 15, ರಾತ್ರಿ 10:42

ಭೇಷ್ ತಾಯಿ. ಇದನ್ನು ನಾನೇ ನೋಡಬೇಕಾಗಿತ್ತು. ಕೆಸರು ಅಷ್ಟು ಅದುರಿಸಬಲ್ಲದೇ ಎಂದು ಅನುಮಾನಿಸುವವರಿಗಾಗಿ ಲೆಕ್ಕ ಕೊಡುತ್ತೇನೆ. ನಡುಬಿಂದುವಿನಿಂದ 18 ಸೆಂ.ಮೀ. ದೂರದಲ್ಲಿ ಕಾಲು ಕಿಲೋ ಮಣ್ಣು ಅಂಟಿದ್ದರೆ, 60 ಕಿ.ಮೀ. ವೇಗದಲ್ಲಿ ಅದು ಚಕ್ರವನ್ನು ಸುಮಾರು 10 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ, ಸೆಕೆಂಡಿಗೆ ಏಳೂವರೆ ಬಾರಿ ಆ ಎಳೆತದ ದಿಕ್ಕು ಸುತ್ತುತ್ತದೆ. ಬಲವು ವೇಗದ ವರ್ಗದಂತೆ ಏರುವುದರಿಂದ 30 ಕಿ.ಮೀ. ವೇಗದಲ್ಲಿ ಅದೇ ಮಣ್ಣಿನ ಎಳೆತ ಎರಡೂವರೆ ಕಿಲೋ ಮಾತ್ರ. ಮಂಡಗದ್ದೆಯ ತಿರುವುಗಳಲ್ಲಿ ಏನೂ ತಿಳಿಯದೆ, ನೇರ ರಸ್ತೆಗೆ ಬಂದ ಮೇಲೆ ತಿಳಿಯುವುದು ಇದಕ್ಕೇ.

ಮಂಡಗದ್ದೆ ತೋಟ | ಜುಲೈ 17, ಸಂಜೆ 7:15

ಅಕ್ಕನವರಿಗೆ ಕೈ ಮುಗಿದೆ. ನಿನ್ನೆ ಮುಂದಿನ ಎರಡು ಚಕ್ರ ಬಿಚ್ಚಿ ನೆಲಕ್ಕೆ ಮಲಗಿಸಿದೆ. ಬಲಗಡೆಯ ರಿಮ್ಮಿನ ಒಳಗೆ ಗೇಣುದ್ದದ, ಎರಡು ಬೆರಳು ದಪ್ಪದ ಕೆಮ್ಮಣ್ಣಿನ ಹೆಂಟೆ ಅಂಟಿಕೊಂಡಿತ್ತು, ಒಳಗೆ ಅಡಿಕೆ ಸಿಪ್ಪೆಯ ನಾರು ಸೇರಿ ಗಾರೆಯಂತೆ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರಿಗೆ ಬಗ್ಗಲಿಲ್ಲ, ಹಾರೆಯ ಮೊನೆಯಿಂದ ಎಬ್ಬಿಸಬೇಕಾಯಿತು. ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿದಾಗ 310 ಗ್ರಾಂ ಬಂತು. ತಕ್ಕಡಿಯನ್ನು ತೊಳೆದಿಟ್ಟ ಮೇಲೂ ಮನೆಯವರ ಕೋಪ ಇಳಿದಿಲ್ಲ.

ಅದಕ್ಕಿಂತ ಮಜಾ ಇನ್ನೊಂದಿದೆ. ಮಣ್ಣಿನ ಹೆಂಟೆಗೆ ಸರಿಯಾಗಿ ಎದುರು ಬದಿಯಲ್ಲಿ, ರಿಮ್ಮಿನ ಅಂಚಿಗೆ ಬ್ಯಾಲೆನ್ಸಿಂಗಿನ ತೂಕದ ತುಂಡುಗಳನ್ನು ಸಾಲಾಗಿ ಬಡಿದಿದ್ದರು, ಒಟ್ಟು 120 ಗ್ರಾಂ. ಎರಡನೆಯ ಸಲ ಬ್ಯಾಲೆನ್ಸಿಂಗ್ ಮಾಡಿಸಿದ ಕಡೆ ಚಕ್ರ ತೊಳೆಯದೆ, ಕೆಸರಿನ ಸಮೇತ ಯಂತ್ರಕ್ಕೆ ಏರಿಸಿದ್ದಾರೆಂದು ಕಾಣುತ್ತದೆ.

ಹಳೇ ಗ್ಯಾರೇಜು | ಜುಲೈ 17, ರಾತ್ರಿ 8:05

ಕೆಸರಿಗೇ ಬ್ಯಾಲೆನ್ಸ್ ಮಾಡಿದ್ದಾರೆ! ಯಂತ್ರಕ್ಕೆ ಮಣ್ಣು ಯಾವುದು ಕಬ್ಬಿಣ ಯಾವುದು ತಿಳಿಯುವುದಿಲ್ಲ, ಎಲ್ಲವೂ ತೂಕವೇ. ಆಮೇಲೆ ಆ ಮಣ್ಣು ತೀರಾ ಕಡಿಮೆಯಾದ ದಿನ ಆ ತುಂಡುಗಳೇ ಭಾರವಾಗಿ ಉಲ್ಟಾ ಅದುರಿಸಿರುತ್ತವೆ, ಕೆಸರು ಹೆಚ್ಚು ತುಂಬಿದ ದಿನ ಮಣ್ಣೇ ಅದುರಿಸಿರುತ್ತದೆ, ತೊಳೆದು ಎರಡೂ ಸರಿಸಮವಾದ ದಿನ ಸರಿಹೋಗಿರುತ್ತದೆ. ನಿಮ್ಮ ನೋಟ್‌ಬುಕ್ಕಿಗೂ ಅರ್ಥವಾಗದ ಲೆಕ್ಕ ಇದು. ಹಳೆಯ ತುಂಡುಗಳನ್ನೆಲ್ಲ ಕಿತ್ತು, ರಿಮ್ಮನ್ನು ಎರಡೂ ಕಡೆ ಉಜ್ಜಿ ತೊಳೆದು, ಹೊಸದಾಗಿ ಬ್ಯಾಲೆನ್ಸ್ ಮಾಡಿಸಿ. ಯಂತ್ರಕ್ಕೆ ಏರಿಸುವ ಮುಂಚೆ ನೀವೇ ಒಳಗೆ ಕೈಯಾಡಿಸಿ ನೋಡಿ.

ಹೊಸನಗರ ಶುಂಠಿ | ಜುಲೈ 17, ರಾತ್ರಿ 8:31

ಅಂತೂ ಮುಗಿಯಿತು. ನನ್ನ ಮೌಂಟಿಂಗ್ ರಬ್ಬರಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಹಳೇ ಗ್ಯಾರೇಜು | ಜುಲೈ 17, ರಾತ್ರಿ 8:50

ಮುಗಿದಿಲ್ಲ. ಸೀಟಿನದು ಹಾಗೆಯೇ ಇದೆ, ಅದು ಕೆಸರಿಗೆ ಸೇರಿದ್ದಲ್ಲ.

ಲೋಡ್, ಎಳೆತ, 55ರ ಮೇಲಿನ ವೇಗ, ಗೇರ್ ಬದಲಿಸಿದರೂ ಬದಲಾಗದಿರುವುದು, ಕಾಲು ಎತ್ತಿದ ಕೂಡಲೇ ನಿಲ್ಲುವುದು, ಈ ಐದೂ ಕೂಡಿದರೆ ನನ್ನ ಕೈ ಮೊದಲು ಹೋಗುವುದು ಸೆಂಟರ್ ಬೇರಿಂಗಿಗೆ. ನಿಮ್ಮ ಗಾಡಿಯ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಿನದಾಗಿದ್ದರೆ, ಅವು ಕೂಡುವಲ್ಲಿ ಒಂದು ಬೇರಿಂಗ್ ಇದ್ದು, ಅದನ್ನು ದಪ್ಪ ರಬ್ಬರಿನ ಬಳೆಯೊಳಗೆ ಕೂರಿಸಿ, ಚಾಸಿಗೆ ಬ್ರಾಕೆಟ್ಟಿನಿಂದ ಬಿಗಿದಿರುತ್ತಾರೆ. ಆ ರಬ್ಬರು ಹರಿದರೆ ಖಾಲಿ ಗಾಡಿಯಲ್ಲಿ ಶಾಫ್ಟ್ ಹೇಗೋ ತನ್ನ ಜಾಗದಲ್ಲೇ ತಿರುಗಿಕೊಂಡಿರುತ್ತದೆ. ಲೋಡ್ ಬಿದ್ದು ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಕೂತು, ಅದರ ಮೇಲೆ ಎಂಜಿನ್ನಿನ ಎಳೆತವೂ ಸೇರಿದಾಗ ಶಾಫ್ಟಿನ ನಡು ಮೇಲಕ್ಕೆದ್ದು ಕುಣಿಯುತ್ತದೆ.

ನೋಡುವ ಕ್ರಮ ಹೀಗಿದೆ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಪಿಕಪ್ಪಿನ ಅಡಿಗೆ ಹೋಗಲು ಜಾಕಿ ಬೇಕಾಗುವುದಿಲ್ಲ. ಬೇಕೆನಿಸಿದರೂ ಬರೀ ಜಾಕಿಯ ಮೇಲಿರುವ ಗಾಡಿಯ ಅಡಿಗೆ ಹೋಗಬೇಡಿ. ಬೇರಿಂಗಿನ ಪಕ್ಕದಲ್ಲೇ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ತಳ್ಳಿ. ರಬ್ಬರಿನ ಮಿದುತನ ಸ್ವಲ್ಪ ಇರುವುದು ಸಹಜ. ಆದರೆ ಶಾಫ್ಟ್ ಬೆರಳಿನ ದಪ್ಪದಷ್ಟು ಮೇಲೆದ್ದರೆ, ಅಥವಾ ರಬ್ಬರಿನ ಬಿರುಕಿನೊಳಗೆ ಬೆಳಕು ಕಂಡರೆ, ಅದು ಮುಗಿದ ಬೇರಿಂಗು. ಅಲ್ಲಿರುವಾಗಲೇ, ಶಾಫ್ಟು ಕೋನದಲ್ಲಿದ್ದರೂ ತಿರುಗಲು ಬಿಡುವ ಮೂರೂ ಯುಜೆ (ಯೂನಿವರ್ಸಲ್ ಜಾಯಿಂಟ್) ಕ್ರಾಸ್‌ಗಳ ಟೋಪಿಯ ಸುತ್ತ ಕೆಂಪು ತುಕ್ಕಿನ ಪುಡಿ ಇದೆಯೇ ನೋಡಿ. ಗ್ರೀಸ್ ಒಣಗಿ ಸೂಜಿ ಬೇರಿಂಗ್ ಪುಡಿಯಾಗುತ್ತಿದ್ದರೆ ಆ ಪುಡಿ ಮೊದಲು ಕಾಣುತ್ತದೆ.

ಇನ್ನೂ ಒಂದು ಗುರುತು ಕೇಳುತ್ತೇನೆ. ಲೋಡ್ ಗಾಡಿಯನ್ನು ಏರಿನಲ್ಲಿ ಮೊದಲ ಗೇರಿನಿಂದ ಎತ್ತುವಾಗ, ಕ್ಲಚ್ ಬಿಡುವ ಹೊತ್ತಿಗೆ, ಕಾಲಡಿ ಗುಡುಗುಡು ಎನ್ನುತ್ತದೆಯೇ?

ಮಂಡಗದ್ದೆ ತೋಟ | ಜುಲೈ 18, ಬೆಳಿಗ್ಗೆ 8:25

ಎನ್ನುತ್ತದೆ. ತೋಟದಿಂದ ಡಾಂಬರಿಗೆ ಹತ್ತುವ ಏರಿನಲ್ಲಿ ದಿನಾ ಎನ್ನುತ್ತದೆ. ಅದು ಕ್ಲಚ್ ಪ್ಲೇಟು ಸವೆದದ್ದು ಎಂದು ನಾನೇ ತೀರ್ಮಾನ ಮಾಡಿಕೊಂಡು ಇಲ್ಲಿ ಬರೆದಿರಲಿಲ್ಲ. ಶಾಫ್ಟ್ ಎರಡು ತುಂಡಿನದೇ. ಈಗ ಅಡಿಗೆ ಹೋಗಿ ನೋಡಿಬಂದೆ, ಬೇರಿಂಗಿನ ರಬ್ಬರು ಮೇಲಿನ ಅರ್ಧದಲ್ಲಿ ಹರಿದು ತುಟಿಯ ಹಾಗೆ ತೆರೆದುಕೊಂಡಿದೆ. ಶಾಫ್ಟನ್ನು ಮೇಲಕ್ಕೆ ಒತ್ತಿದರೆ ಟಕ್ ಎಂದು ಬ್ರಾಕೆಟ್ಟಿಗೆ ತಾಗುತ್ತದೆ.

ಪಾಲಿಟೆಕ್ನಿಕ್ ಮೇಷ್ಟ್ರು | ಜುಲೈ 18, ಬೆಳಿಗ್ಗೆ 10:00

ಬದಲಿಸುವ ಮುಂಚೆ ಒಂದು ಎಚ್ಚರಿಕೆ. ಯುಜೆ ಕ್ರಾಸನ್ನು ನಮ್ಮ ಪಾಠಗಳಲ್ಲಿ ಹುಕ್ಸ್ ಜಾಯಿಂಟ್ ಎಂದು ಕಲಿಸುತ್ತಿದ್ದೆವು, 17ನೇ ಶತಮಾನದ ರಾಬರ್ಟ್ ಹುಕ್‌ನ ಹೆಸರು ಅದಕ್ಕೆ ಅಂಟಿದೆ. ಅದರ ಗುಣವೆಂದರೆ, ಒಂದು ಕಡೆ ಸಮವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆ ಸಮವೇಗದಲ್ಲಿ ತಿರುಗುವುದಿಲ್ಲ. ಎರಡು ಶಾಫ್ಟುಗಳ ನಡುವೆ 3 ಡಿಗ್ರಿ ಕೋನವಿದ್ದರೆ ಪ್ರತಿ ಸುತ್ತಿಗೆ ಎರಡು ಬಾರಿ ವೇಗ ಸಾವಿರಕ್ಕೆ ಒಂದೂವರೆಯಷ್ಟು ಏರಿಳಿಯುತ್ತದೆ, ಅದು ಯಾರಿಗೂ ತಿಳಿಯುವುದಿಲ್ಲ. ಕೋನ 10 ಡಿಗ್ರಿಯಾದರೆ ಆ ಏರಿಳಿತ ನೂರಕ್ಕೆ ಒಂದೂವರೆಯಾಗುತ್ತದೆ, ಅಂದರೆ ಹತ್ತು ಪಟ್ಟು. ಹರಿದ ರಬ್ಬರು ಶಾಫ್ಟಿನ ನಡುವನ್ನು ಮೇಲಕ್ಕೆ ಬಿಟ್ಟಾಗ ಕೋನ ಬದಲಾಗುತ್ತದೆ, ನಡುಕ ಅಲ್ಲಿಂದ ಹುಟ್ಟುತ್ತದೆ.

ಒಂದು ಜಾಯಿಂಟಿನ ಏರಿಳಿತವನ್ನು ಮುಂದಿನ ಜಾಯಿಂಟು ಅಳಿಸಬೇಕಾದರೆ ಕ್ರಾಸನ್ನು ಹಿಡಿಯುವ ಎರಡರ ಕವಲುಗಳೂ ತಯಾರಕರು ಇಟ್ಟ ಸಾಲಿನಲ್ಲೇ ಇರಬೇಕು. ಶಾಫ್ಟನ್ನು ಬಿಚ್ಚಿ ಸೇರಿಸುವಾಗ ಜೋಡಣೆಯ ಹಲ್ಲು ಒಂದು ಆಚೀಚೆಯಾದರೂ ಹೊಸ ಬೇರಿಂಗಿನೊಂದಿಗೆ ಹೊಸ ನಡುಕವನ್ನೂ ಮನೆಗೆ ತಂದಂತಾಗುತ್ತದೆ. ಬಿಚ್ಚುವ ಮೊದಲೇ ಪ್ರತಿಯೊಂದು ಜೋಡಣೆಯ ಮೇಲೂ ಬಿಳಿ ಬಣ್ಣದಲ್ಲಿ ಅಡ್ಡಗೆರೆ ಎಳೆಸಿ.

ಹಳೇ ಗ್ಯಾರೇಜು | ಜುಲೈ 18, ಬೆಳಿಗ್ಗೆ 10:22

ಮೇಷ್ಟ್ರ ಪಾಠಕ್ಕೆ ನನ್ನ ಪೂರ್ಣ ಸಹಮತವಿದೆ, ಒಂದೇ ಒಂದು ಸೇರ್ಪಡೆ. ಬಣ್ಣ ಹಚ್ಚುವ ಮೊದಲು ಎಣ್ಣೆ ಒರೆಸಬೇಕು, ಇಲ್ಲದಿದ್ದರೆ ಸೀಮೆಎಣ್ಣೆಯಲ್ಲಿ ತೊಳೆಯುವಾಗ ಗೆರೆಯೇ ಅಳಿಸಿಹೋಗುತ್ತದೆ. ನಾನು ಬಣ್ಣದ ಬದಲು ಕಬ್ಬಿಣದ ಮೇಲೆಯೇ ಕಚ್ಚು ಹೊಡೆಸುತ್ತೇನೆ.

ಮಂಡಗದ್ದೆ ತೋಟ | ಆಗಸ್ಟ್ 9, ರಾತ್ರಿ 9:00

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಮೂರು ವಾರ ಓಡಿಸಿ ನೋಡದೆ ಸರಿಯಾಯಿತು ಎಂದು ಬರೆಯಲು ಮನಸ್ಸು ಒಪ್ಪಲಿಲ್ಲ.

ಶಾಫ್ಟನ್ನು ಬಿಚ್ಚಿದ್ದು ಶಿವಮೊಗ್ಗದಲ್ಲಿ, ನಾನು ಪಕ್ಕದಲ್ಲೇ ನಿಂತಿದ್ದೆ. ಗುರುತು ಹಾಕಿ ಎಂದಾಗ ಹುಡುಗ ನಕ್ಕ, ಆದರೂ ಕಚ್ಚು ಹೊಡೆದ. ಸೆಂಟರ್ ಬೇರಿಂಗ್ ಬದಲಾಯಿತು. ಹಿಂದಿನ ಕ್ರಾಸಿನ ಒಂದು ಟೋಪಿಯೊಳಗೆ ಗ್ರೀಸ್ ಇರಲಿಲ್ಲ, ಸೂಜಿಗಳು ಕಾಫಿಪುಡಿಯ ಬಣ್ಣಕ್ಕೆ ತಿರುಗಿದ್ದವು, ಅದನ್ನೂ ಬದಲಿಸಿದರು. ಉಳಿದೆರಡು ಕ್ರಾಸ್‌ಗಳಿಗೆ ಗ್ರೀಸ್ ಹೊಡೆದರು. ಸಾಮಾನಿನ ದುಡ್ಡು, ಕೂಲಿ ಎಲ್ಲ ಸೇರಿಸಿದರೂ ಹಿಂದೆ ಅನಗತ್ಯವಾಗಿ ಕೊಂಡ ಎರಡು ಟೈರುಗಳಿಗಿಂತ ಕಡಿಮೆಯೇ ಆಯಿತು.

ಲೋಡ್ ಹಾಕಿ, ಗಾಜನೂರಿನ ಅದೇ ಏರಿನಲ್ಲಿ 65ರವರೆಗೆ ಹೋಗಿ ಬಂದೆ. ಎಲೆ ಅಡಿಕೆ ಡಬ್ಬಿ ಇಟ್ಟಲ್ಲೇ ಇತ್ತು. ತೋಟದ ಏರಿನ ಗುಡುಗುಡುವೂ ನಿಂತಿದೆ, ಅಂದರೆ ಕ್ಲಚ್ಚಿನ ಮೇಲೆ ಸುಮ್ಮನೆ ತಪ್ಪು ಹೊರಿಸಿದ್ದೆ. ಸ್ಟೇರಿಂಗಿನದು ಮಾತ್ರ ಒಂದು ಸಲ ಮತ್ತೆ ಬಂತು, ತೋಟಕ್ಕೆ ಇಳಿದ ಮಾರನೆಯ ದಿನ. ಬಗ್ಗಿ ನೋಡಿದರೆ ಎಡಗಡೆಯ ರಿಮ್ಮಿನಲ್ಲಿ ಹೊಸ ಹೆಂಟೆ. ಈಗ ಕೊಟ್ಟಿಗೆಯ ಕಂಬಕ್ಕೆ ಒಂದು ಬಿದಿರಿನ ಕೋಲು ನೇತು ಹಾಕಿದ್ದೇನೆ, ತೋಟದಿಂದ ಬಂದ ದಿನ ಮಣ್ಣು ಒದ್ದೆಯಿರುವಾಗಲೇ ನಾಲ್ಕೂ ಚಕ್ರಗಳ ಒಳಗೆ ಅದನ್ನು ಆಡಿಸಿ ನೀರು ಬಿಡುತ್ತೇನೆ.

ಕೊಪ್ಪ ನರ್ಸರಿ | ಆಗಸ್ಟ್ 9, ರಾತ್ರಿ 9:26

ಕೋಲಿನ ತುದಿಗೆ ತೆಂಗಿನ ನಾರು ಸುತ್ತಿ ಅಣ್ಣ, ಬ್ರೇಕಿನ ಪೈಪಿಗೆ ತಾಗಿದರೂ ಗೀರುವುದಿಲ್ಲ. ಶಾಫ್ಟಿನ ಬೋಲ್ಟುಗಳನ್ನು ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿದಿರಾ?

ಮಂಡಗದ್ದೆ ತೋಟ | ಆಗಸ್ಟ್ 9, ರಾತ್ರಿ 9:40

ಇಲ್ಲ ಅಕ್ಕ. ನಾಳೆ ಲೋಡ್ ಹಾಕುವ ಮುಂಚೆ ಸ್ಪ್ಯಾನರ್ ಹಿಡಿದು ಅಡಿಗೆ ಹೋಗುತ್ತೇನೆ, ಚಕ್ರದ ನಟ್ಟುಗಳನ್ನೂ ನೋಡುತ್ತೇನೆ.